ಬಾಗಿಲ ಬಳಿ ಒಬ್ಬರು ಬೇಕು

ಕ್ರಿಸ್‌ಮಸ್ ರಜೆ ಬಂದರೆ, ಇಲ್ಲವೇ ಜುಲೈ–ಆಗಸ್ಟ್ ಬಂದರೆ, ನಮ್ಮ ಕೆ.ಆರ್. ಪೇಟೆಯಂಥ ಊರುಗಳಲ್ಲೂ ಪರದೇಶದ ಮಕ್ಕಳು ಕಾಣಸಿಗುತ್ತಾರೆ. ಇಂಗ್ಲೆಂಡಿನಲ್ಲೋ ಅಮೆರಿಕದಲ್ಲೋ ನೆಲೆಸಿದ ನಮ್ಮ ಮಕ್ಕಳ ಮಕ್ಕಳು. ಅಜ್ಜಿ–ತಾತನ ಮನೆಗೆ ಬಂದವರನ್ನು ಮನೆದೇವರಿಗೆ ಕರೆದೊಯ್ಯುತ್ತೇವೆ, ಒಂದೆರಡು ಮದುವೆಗೆ, ನಾಲ್ಕಾರು ನೆಂಟರ ಮನೆಗೆ. ಆಮೇಲೆ ಮೈಸೂರು ಅರಮನೆ, ಬೆಂಗಳೂರಿನ ಮಾಲು. ಉಳಿದ ಹೊತ್ತೆಲ್ಲ ಮಕ್ಕಳು ಮೊಬೈಲ್ ಹಿಡಿದು ಕೂತಿರುತ್ತವೆ. ‘ಇಲ್ಲೇನಿದೆ ತೋರಿಸೋಕೆ’ ಅನ್ನುವವರು ಆ ಮಕ್ಕಳಲ್ಲ, ನಾವು ಹಿರಿಯರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳನ್ನು ಸಂಸಾರ ಸಮೇತ ಕಾರಿನಲ್ಲಿ ಸುತ್ತಿ ಬಂದವಳಾಗಿ ನಾನು ಆ ಮಾತನ್ನು ಒಪ್ಪುವುದಿಲ್ಲ. ನೋಡುವುದು ಬೇಕಾದಷ್ಟಿದೆ. ರಸ್ತೆಯೂ ಮೊದಲಿಗಿಂತ ಎಷ್ಟೋ ವಾಸಿ. ಇಲ್ಲದಿರುವುದು ಬಂದವರನ್ನು ಬರಮಾಡಿಕೊಳ್ಳುವ ಏರ್ಪಾಡು. ಅದರಲ್ಲೂ ಬಾಗಿಲ ಬಳಿ ಕೂತು, ‘ಬನ್ನಿ, ಇದು ಇಂಥದ್ದು’ ಎಂದು ಹೇಳುವ ಒಬ್ಬ ಮನುಷ್ಯ.

ಇದು ನನಗೆ ಮನದಟ್ಟಾದದ್ದು ದೂರದ ವೇಲ್ಸ್ ಸೀಮೆಯಲ್ಲಿ. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು. ಮಗಳ ಸಂಸಾರ ಬರ್ಮಿಂಗ್‌ಹ್ಯಾಮಿನಲ್ಲಿದೆ. ಅಲ್ಲಿಗೆ ಹೋಗಿದ್ದಾಗ ಒಂದು ಬೇಸಿಗೆ ರಜೆಯಲ್ಲಿ ಅಳಿಯ ಕಾರು ತೆಗೆದರು. ನಾನು, ನಮ್ಮ ಯಜಮಾನರು, ಮಗಳು, ಇಬ್ಬರು ಮೊಮ್ಮಕ್ಕಳು ಒಟ್ಟಿಗೆ ಹೊರಟೆವು. ಎಂ54 ಹೆದ್ದಾರಿ ಹಿಡಿದು ಶ್ರೂಸ್‌ಬರಿ, ಅಲ್ಲಿಂದ ಎ458ರಲ್ಲಿ ವೆಲ್ಷ್‌ಪೂಲ್, ಮುಂದೆ ಬೆಟ್ಟಗಳ ನಡುವೆ ಹಾದು ಬಾರ್ಮತ್ ಎಂಬ ಕಡಲೂರು. ಹಸಿರು ದಿಣ್ಣೆ, ಕಲ್ಲು ಜೋಡಿಸಿದ ಮೋಟು ಗೋಡೆ, ಎಲ್ಲಿ ನೋಡಿದರೂ ಕುರಿ. ಸೊಗಸಾಗಿತ್ತು, ಅನುಮಾನವಿಲ್ಲ. ಆದರೆ ನಮ್ಮ ಕುಂತಿಬೆಟ್ಟದ ಬಂಡೆಗಳನ್ನೋ ತೊಣ್ಣೂರು ಕೆರೆಯನ್ನೋ ನೋಡಿದವರು ಬೆರಗಾಗಿ ಬಾಯಿ ಬಿಡುವಂಥದ್ದು ಅಲ್ಲಿ ನನಗೆ ಕಾಣಲಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ರಸ್ತೆ ಬದಿಯ ಸಂಗತಿಗಳು. ನೋಡತಕ್ಕ ಜಾಗ ಯಾವುದೇ ಇರಲಿ, ಅದಕ್ಕೆ ಕಂದು ಬಣ್ಣದ ಒಂದು ಫಲಕ, ದೇಶಕ್ಕೆಲ್ಲ ಒಂದೇ ನಮೂನೆ. ತಿರುವು ಬರುವ ಮೊದಲೇ ಒಂದು, ತಿರುವಿನಲ್ಲಿ ಇನ್ನೊಂದು. ಗಡಿ ದಾಟಿದ ಕೂಡಲೇ ಫಲಕಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಬಂದವು. ಗಾಡಿ ಬದಿಗೆ ಹಾಕಿ ಬುತ್ತಿ ಬಿಚ್ಚಲು ರಸ್ತೆಯ ಪಕ್ಕದಲ್ಲೇ ತಾಣಗಳು. ನಾವು ನಿಂತ ಸಣ್ಣ ಪೇಟೆಗಳಲ್ಲಿ ಶೌಚಾಲಯ ಹುಡುಕಬೇಕಾಗಲಿಲ್ಲ. ಕೆಲವು ಕಡೆ ಚಿಲ್ಲರೆ ಹಾಕಿ ಒಳಗೆ ಹೋಗಬೇಕು, ಅಷ್ಟೆ. ಸಕ್ಕರೆ ಕಾಯಿಲೆ ಇರುವ ಅರವತ್ತು ದಾಟಿದ ಹೆಂಗಸಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದು ನನ್ನ ವಯಸ್ಸಿನ ಓದುಗರಿಗೆ ಗೊತ್ತು. ನಮ್ಮ ಕಡೆ ಪ್ರವಾಸ ಹೊರಟರೆ ಬೆಳಗಿನಿಂದ ನೀರು ಕುಡಿಯದೆ ಬಾಯಿ ಕಟ್ಟಿಕೊಂಡು ಕೂರುವ ಹೆಂಗಸರನ್ನು ಜೀವಮಾನವೆಲ್ಲ ನೋಡಿದ್ದೇನೆ.

ವೆಲ್ಷ್‌ಪೂಲಿನ ಪಕ್ಕದ ಗುಡ್ಡದ ಮೇಲೆ ಪೊವಿಸ್ ಕೋಟೆ ಇದೆ. ನೋಡಿಕೊಳ್ಳುವುದು ನ್ಯಾಷನಲ್ ಟ್ರಸ್ಟ್, 1895ರಲ್ಲಿ ಹುಟ್ಟಿದ ಸಂಸ್ಥೆ. ಆ ಕೋಟೆಗೇ ಹೋಗಬೇಕೆಂದು ನಾನು ಹಟ ಹಿಡಿದಿದ್ದೆ. ಅಲ್ಲಿ ನಮ್ಮ ಶ್ರೀರಂಗಪಟ್ಟಣದ ಒಂದು ಭಾಗವಿದೆ. ಟಿಪ್ಪು ಸುಲ್ತಾನನ ಡೇರೆ ಅಲ್ಲಿದೆ. ಬಿಳಿ ನೆಲದ ಹತ್ತಿ ಬಟ್ಟೆ, ಅದರ ಮೇಲೆ ಹೂದಾನಿಯಿಂದ ಎದ್ದ ಹೂಬಳ್ಳಿಯ ಚಿತ್ತಾರ. ಅವನ ಸಿಂಹಾಸನದ ಕಟಕಟೆಯ ಮೇಲಿದ್ದ ಚಿನ್ನದ ಹುಲಿಮುಖಗಳಲ್ಲಿ ಒಂದು, ಹರಳು ಕೂರಿಸಿದ್ದು, ಅಲ್ಲಿದೆ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಆ ಸಿಂಹಾಸನವನ್ನು ಒಡೆದು ಹಂಚಿಕೊಂಡರೆಂದು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೆ. ಆ ತುಂಡು ಕಣ್ಣೆದುರು ಗಾಜಿನ ಹಿಂದೆ ನಿಂತಾಗ ಗಂಟಲು ಕಟ್ಟಿತು.

ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ನನ್ನದೇ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ಎದೆಯ ಮೇಲೆ ಸಂಸ್ಥೆಯ ಬಿಲ್ಲೆ. ಸಂಬಳವಿಲ್ಲ, ವಾರಕ್ಕೊಂದು ದಿನ ಬಂದು ಕೂರುವ ಸ್ವಯಂಸೇವಕಿ. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರಂತೆ. ಎಲ್ಲಿಂದ ಬಂದಿರಿ ಎಂದು ಕೇಳಿದರು. ಶ್ರೀರಂಗಪಟ್ಟಣಕ್ಕೆ ನಮ್ಮ ಮನೆಯಿಂದ ಒಂದು ಗಂಟೆ ದಾರಿ ಅಂದೆ. ಅವರು ಎದ್ದೇ ನಿಂತರು. ಡೇರೆಯ ಬಟ್ಟೆಯ ವಿಷಯ, ಅದು ಈ ಮನೆಗೆ ಬಂದ ಬಗೆ ಎಲ್ಲವನ್ನೂ ಹೇಳಿ, ‘ನಿಮ್ಮಲ್ಲಿ ಆ ಊರು ಈಗ ಹೇಗಿದೆ’ ಎಂದು ನನ್ನನ್ನು ಕೇಳಿ ಕೇಳಿ ತಿಳಿದುಕೊಂಡರು. ಮಕ್ಕಳ ಕಣ್ಣಿನ ಎತ್ತರಕ್ಕೆ ಬಗ್ಗಿ ಹುಲಿಯ ಹಲ್ಲು ಎಣಿಸಲು ಹಚ್ಚಿದರು. ಎಂಟು ವರ್ಷದ ಮೊಮ್ಮಗಳು ಕಾರಿಗೆ ಬಂದು ಕೂತವಳೇ, ‘ಅಜ್ಜೀ, ಇದು ನಿಮ್ಮೂರಿಂದು ಅಂದ್ಮೇಲೆ ಇಲ್ಯಾಕಿದೆ? ಅಲ್ಲಿ ಏನಿದೆ?’ ಎಂದಳು. ಮೊದಲ ಪ್ರಶ್ನೆಗೆ ಉತ್ತರ ಹೇಳಿದೆ. ಎರಡನೆಯದಕ್ಕೆ, ನೀನೇ ಬಂದು ನೋಡು ಅಂದೆ.

ಮೊದಲ ಪ್ರಶ್ನೆಯ ಉತ್ತರವನ್ನು ಇಲ್ಲೂ ಹೇಳಬೇಕು. ಪರದೇಶದಿಂದ ಬಂದ ಒಂದು ಸಂಸಾರ ನಮ್ಮ ಸೀಮೆಯಲ್ಲಿ ಸುತ್ತಾಡಿದ ಕಥೆ ಅದರೊಳಗಿದೆ. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್ ಆಗ ಮದರಾಸಿನ ಗವರ್ನರ್. ಅವನ ಹೆಂಡತಿ ಹೆನ್ರಿಯೆಟಾ, ಪೊವಿಸ್ ಮನೆತನದ ಮಗಳು. ಟಿಪ್ಪು ಮಡಿದು ವರ್ಷ ತುಂಬುವ ಮೊದಲೇ, 1800ರ ಮಾರ್ಚ್‌ನಲ್ಲಿ, ಆಕೆ ಇಬ್ಬರು ಹೆಣ್ಣುಮಕ್ಕಳನ್ನೂ ಅವರಿಗೆ ಪಾಠ ಹೇಳುತ್ತಿದ್ದ ಇಟಲಿಯ ಚಿತ್ರಗಾರ್ತಿ ಅನ್ನಾ ಟೊನೆಲಿಯನ್ನೂ ಕರೆದುಕೊಂಡು ಮದರಾಸಿನಿಂದ ಹೊರಟಳು. ವೆಲ್ಲೂರು, ಬೆಂಗಳೂರು ಹಾದು ಶ್ರೀರಂಗಪಟ್ಟಣ, ಮೈಸೂರು. ಆಮೇಲೆ ಘಟ್ಟ ಇಳಿದು ಕೊಯಮತ್ತೂರು, ತಿರುಚಿರಾಪಳ್ಳಿ, ತಂಜಾವೂರು. ಅಕ್ಟೋಬರಿನಲ್ಲಿ ಮತ್ತೆ ಮದರಾಸು. ಕಿರಿಯ ಮಗಳು ಷಾರ್ಲೆಟ್‌ಗೆ ಹೊರಡುವಾಗ ಹನ್ನೆರಡು ವರ್ಷ. ದಾರಿಯುದ್ದಕ್ಕೂ ದಿನಚರಿ ಬರೆದಳು. ಮುಂದೆ ಅವಳೇ ರಾಣಿ ವಿಕ್ಟೋರಿಯಾಗೆ ಬಾಲ್ಯದಲ್ಲಿ ಶಿಕ್ಷಣದ ಮೇಲ್ವಿಚಾರಕಿಯಾದಳು. ಅಮ್ಮ ಗಿಡ, ಕಲ್ಲು, ಚಿಪ್ಪುಗಳನ್ನು ಕೂಡಿಸಿದಳು. ಟಿಪ್ಪುವಿನ ವಸ್ತುಗಳು ಪೊವಿಸ್ ಸೇರಿದ್ದು ಈ ಗಂಡ–ಹೆಂಡಿರ ಕೈಯಿಂದ.

ಅದೇ ವರ್ಷ ಫ್ರಾನ್ಸಿಸ್ ಬುಕಾನನ್ ಕೂಡ ಮದರಾಸಿನಿಂದ ಹೊರಟು ಈ ನಾಡನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳಲ್ಲಿ ಮೇಲುಕೋಟೆ, ತೊಣ್ಣೂರುಗಳೂ ಬರುತ್ತವೆ. ಅವನು ಕಂಪನಿಯ ಕೆಲಸದ ಮೇಲೆ ಬಂದವನು. ಹೆನ್ರಿಯೆಟಾ ಬಂದದ್ದು ಮಕ್ಕಳ ಸಮೇತ ದೇಶ ನೋಡಲು. ಆದರೆ ಆ ಸಂಸಾರ ಹೊರಟದ್ದು ಆನೆ, ಪಲ್ಲಕ್ಕಿ, ಎತ್ತು, ಡೇರೆ, ಅಡುಗೆಯವರು, ಕಾವಲಿನವರು ಎಲ್ಲರನ್ನೂ ಕಟ್ಟಿಕೊಂಡು. ಗೆದ್ದವರ ಮನೆಯವರು, ಹೋದಲ್ಲೆಲ್ಲ ಬಾಗಿಲು ತಾನಾಗಿ ತೆರೆಯಿತು. ಸಾಧಾರಣ ಸಂಸಾರಕ್ಕೆ ಹಾಗಲ್ಲ. ಅದಕ್ಕೆ ದಾರಿಯೇ ಮನೆಯ ಕೆಲಸ ಮಾಡಬೇಕು. ನೆರಳು, ನೀರು, ಶೌಚ, ಹಾದಿ ತೋರಿಸುವವರು, ಬಾಗಿಲು ತೆಗೆಯುವವರು, ಇವೆಲ್ಲ ದಾರಿಯಲ್ಲೇ ಸಿಗಬೇಕು.

ಮೊಮ್ಮಕ್ಕಳು ಡಿಸೆಂಬರಿನಲ್ಲಿ ಬಂದರು. ನಾನು ಅವರಿಗೆ ನಮ್ಮ ನಾಲ್ಕು ತಾಲ್ಲೂಕಿನ ದಾರಿಯನ್ನು ಮೊದಲೇ ಕೂತು ಬರೆದಿಟ್ಟಿದ್ದೆ. ಬೆಂಗಳೂರಿನಿಂದ ಬರುವವರ ಪೈಕಿ ಬಹಳ ಮಂದಿ ಈಗ ಶ್ರೀರಂಗಪಟ್ಟಣದ ಒಳಗೆ ಬರುವುದೇ ಇಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿ ಊರನ್ನು ಬದಿಗಿಟ್ಟು ಸೀದಾ ಮೈಸೂರಿಗೆ ಒಯ್ಯುತ್ತದೆ. ಗಣಂಗೂರಿನಲ್ಲಿ ಟೋಲ್ ಕಟ್ಟುವವರೆಗೆ ಮಾತ್ರ ಈ ತಾಲ್ಲೂಕಿನ ನೆನಪು. ನಾವು ದ್ವೀಪದ ಒಳಗಿಂದಲೇ ಶುರು ಮಾಡಿದೆವು. ದರಿಯಾ ದೌಲತ್‌ನ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸುತ್ತ ಕುದುರೆ ದಂಡು, ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡು ಬೆರಳು ಕಚ್ಚಿಕೊಂಡು ಕೂತ ಕರ್ನಲ್ ಬೈಲಿ. ವೇಲ್ಸಿನಲ್ಲಿ ಗೆದ್ದವರ ಪಾಲನ್ನು ನೋಡಿದ ಮಕ್ಕಳು ಇಲ್ಲಿ ಅವರೇ ಸೋತದ್ದನ್ನು ನೋಡಿದರು. ಒಂದು ಕಥೆಯ ಎರಡು ತುದಿ ಎರಡು ದೇಶದಲ್ಲಿದೆ ಎಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಗ್ಯಾರಿಸನ್ ಸ್ಮಶಾನದಲ್ಲಿ ಸ್ವಿಟ್ಜರ್‌ಲೆಂಡಿನ ದ ಮ್ಯೂರಾನ್ ಪಡೆಯವರ ಗೋರಿಗಳ ಮೇಲಿನ ಹೆಸರು ಓದಿದರು. ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳ ಕೆಳಗೆ ಕಾವೇರಿ ಹರಿಯುವುದನ್ನು ನೋಡುತ್ತ ನಿಂತರು. ರಂಗನತಿಟ್ಟು ಅವರಿಗೆ ಮೊದಲೇ ಗೊತ್ತಿತ್ತು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನಿಂದ 1940ರಲ್ಲಿ ಅಭಯಧಾಮವಾದ ಆ ನಡುಗಡ್ಡೆಗಳಲ್ಲಿ ಹೊಸದಾಗಿ ಏನೂ ಮಾಡಬೇಕಾಗಿಲ್ಲ, ಅಲ್ಲಿ ದೋಣಿಯವರೇ ಒಳ್ಳೆಯ ಮೇಷ್ಟ್ರು.

ಪಾಂಡವಪುರದಲ್ಲಿ ಹೈದರ್, ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು ಎಂದಾಗ ಮೊಮ್ಮಗ ನಂಬಲಿಲ್ಲ. ಅವನಿಗಿಂತ ಮೊದಲು ಅಳಿಯನೇ ನಂಬಲಿಲ್ಲ, ಅವರೂ ಇದೇ ಜಿಲ್ಲೆಯವರು. ಆ ಊರಿನಲ್ಲಿ ಎಲ್ಲಾದರೂ ಒಂದು ಕಲ್ಲಿನ ಮೇಲೆ ಇದನ್ನು ನಾಲ್ಕು ಸಾಲಿನಲ್ಲಿ ಬರೆದು ನಿಲ್ಲಿಸಿದರೆ ಎಷ್ಟು ಖರ್ಚಾದೀತು?

ತೊಣ್ಣೂರಿನ ಹಾದಿಯಲ್ಲಿ ಒಂದು ಆಲೆಮನೆಯ ಹೊಗೆ ಕಂಡು ಗಾಡಿ ನಿಲ್ಲಿಸಿದೆವು. ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಗಾಣದಿಂದ ಕಬ್ಬಿನ ಹಾಲು ತೊಟ್ಟಿಗೆ ಬೀಳುತ್ತಿತ್ತು. ಒಲೆಗೆ ಒಣಗಿದ ಸಿಪ್ಪೆಯನ್ನು ಒಬ್ಬರು ತಳ್ಳುತ್ತಿದ್ದರು. ಕೊಪ್ಪರಿಗೆಯಲ್ಲಿ ಪಾಕ ಗುಳುಗುಳು ಎಂದು ಏಳುವಾಗ ಹದ ನೋಡುವವರು ಸೌಟಿನ ತುದಿಯ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ‘ಇನ್ನೊಂದ್ ಗಳಿಗೆ’ ಅಂದರು. ಮಕ್ಕಳ ಅಂಗೈಗೆ ಬಾಳೆಲೆಯ ತುಂಡು ಕೊಟ್ಟು ಬಿಸಿ ಬೆಲ್ಲ ಹಾಕಿ, ‘ಊದ್ಕಂಡ್ ತಿನ್ನವ್ವ, ಸುಡ್ತದೆ’ ಎಂದು ಮೊಮ್ಮಗಳಿಗೆ ಹೇಳಿದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಇಡೀ ಪ್ರವಾಸದಲ್ಲಿ ಮಕ್ಕಳು ಮತ್ತೆ ಮತ್ತೆ ಹೇಳಿಕೊಂಡದ್ದು ಈ ಆಲೆಮನೆಯನ್ನು. ಅಲ್ಲಿ ಫಲಕವಿಲ್ಲ, ಇಲಾಖೆಯಿಲ್ಲ. ಹೇಳುವ ಒಬ್ಬ ಮನುಷ್ಯನಿದ್ದ, ಅದೇ ಸಾಕಾಯಿತು.

ತೊಣ್ಣೂರು ಕೆರೆಯನ್ನು ರಾಮಾನುಜಾಚಾರ್ಯರ ಹೆಸರಿನೊಂದಿಗೆ ನಮ್ಮ ಜನ ನೆನೆಯುತ್ತಾರೆ. ನೀರಿನ ತಿಳಿ ನೋಡಿ ಮೋತಿ ತಲಾಬ್ ಎಂದು ಕರೆದವರೂ ಉಂಟು. ಪಕ್ಕದಲ್ಲೇ ನಂಬಿನಾರಾಯಣನ ಗುಡಿ. ಜಕ್ಕನಹಳ್ಳಿ ದಾಟಿ ಮೇಲುಕೋಟೆ ಹತ್ತಿದರೆ ಕಲ್ಯಾಣಿ, ಮುಗಿಯದ ರಾಯಗೋಪುರ, ಯೋಗನರಸಿಂಹನ ಮೆಟ್ಟಿಲು, ಪು.ತಿ.ನ. ಅವರ ಮನೆ. ಮೇಲುಕೋಟೆಗೆ ಜನ ತಾವಾಗಿ ಬರುತ್ತಾರೆ. ಅಲ್ಲಿ ಪುಳಿಯೋಗರೆಗೂ ತೊಂದರೆಯಿಲ್ಲ, ದಾರಿ ಕೇಳಿದರೆ ಹೇಳುವವರಿಗೂ ತೊಂದರೆಯಿಲ್ಲ. ಮೇಲುಕೋಟೆಯಿಂದ ಇಳಿದು ನಮ್ಮ ಕಡೆಗೆ ತಿರುಗಿದ ಮೇಲೆ ಬರುವವರು ವಿರಳವಾಗುತ್ತಾರೆ. ನನ್ನ ಮಾತು ಇರುವುದು ಮುಖ್ಯವಾಗಿ ಅಲ್ಲಿಂದ ಮುಂದಿನ ದಾರಿಯ ಮೇಲೆ.

ಕೆ.ಆರ್. ಪೇಟೆಯ ಮಗ್ಗುಲಲ್ಲೇ ಹೊಸಹೊಳಲು. ಹೊಯ್ಸಳ ದೊರೆ ವೀರಸೋಮೇಶ್ವರನ ಕಾಲದಲ್ಲಿ, 1250ರ ಹೊತ್ತಿಗೆ ಕಟ್ಟಿದ ಲಕ್ಷ್ಮೀನಾರಾಯಣ ಗುಡಿ. ಜಗತಿಯ ಮೇಲೆ ಪ್ರದಕ್ಷಿಣೆ ಬಂದರೆ ಗೋಡೆಯ ಬುಡದಲ್ಲಿ ಆರು ಪಟ್ಟಿಕೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಮೊಮ್ಮಗಳು ಆನೆಗಳ ಮೇಲೆ ಬೆರಳಾಡಿಸಿಕೊಂಡು ಹೊರಟಳು. ಒಂದಕ್ಕೊಂದು ಹೋಲದ ಆನೆಗಳು, ಒಂದು ಸೊಂಡಿಲು ಮುಂದಿನದರ ಬಾಲಕ್ಕೆ, ಇನ್ನೊಂದು ತಿರುಗಿ ಹಿಂದಕ್ಕೆ. ಮೊಮ್ಮಗ ಕಥೆಯ ಪಟ್ಟಿಕೆ ಹಿಡಿದ. ರಾಮಾಯಣವನ್ನೂ ಭಾರತವನ್ನೂ ಕಲ್ಲಿನಲ್ಲಿ ಓದುತ್ತ ಬಂದು, ಇದು ಯಾರು, ಇವನ್ಯಾಕೆ ಹೀಗೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಗೊತ್ತಿದ್ದನ್ನು ನಾನು ಹೇಳಿದೆ. ನಾನಿಲ್ಲದಿದ್ದರೆ? ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು, ನಮಗೆಲ್ಲ ಹೆಮ್ಮೆಯೇ. ಅದೇ ಹೊಯ್ಸಳರ ಕಾಲದ ಕೆಲಸ ಹೊಸಹೊಳಲಿನಲ್ಲಿದೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲಿ ಸಾಲಾಗಿ ಐದು ಗುಡಿ, ರೂವಾರಿ ಮಲ್ಲಿತಮ್ಮನ ಹೆಸರು ಕೇಳಿಬರುವ ಗುಡಿ ಅದು. ಕಿಕ್ಕೇರಿಯಲ್ಲಿ 1171ರಲ್ಲಿ ಬಮ್ಮವೆ ನಾಯಕಿತಿ ಎಂಬ ಹೆಣ್ಣುಮಗಳು ಕಟ್ಟಿಸಿದ ಬ್ರಹ್ಮೇಶ್ವರ. ಎಂಟುನೂರ ಐವತ್ತು ವರ್ಷದ ಹಿಂದೆ ಗುಡಿ ಕಟ್ಟಿಸಿದ ಹೆಣ್ಣಿನ ಹೆಸರನ್ನು ನಮ್ಮೂರ ಎಷ್ಟು ಹೆಣ್ಣುಮಕ್ಕಳು ಬಲ್ಲರು? ಅದೇ ಕಿಕ್ಕೇರಿಯಲ್ಲಿ 1915ರಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದರು. ಕನ್ನಡದ ಮದುವೆ ಮನೆಗಳಲ್ಲಿ ಈಗಲೂ ಹಾಡುಗಳು ಕೇಳಿಬರುವ ಕವಿಯ ಊರಿನ ಮೂಲಕ ಕಾರುಗಳು ನಿಲ್ಲದೆ ಶ್ರವಣಬೆಳಗೊಳಕ್ಕೆ ಹೋಗುತ್ತವೆ.

ಶ್ರವಣಬೆಳಗೊಳ ಮುಗಿಸಿ ನಾಗಮಂಗಲದ ಕಡೆ ತಿರುಗಿದರೆ ಕಂಬದಹಳ್ಳಿ. ಗಂಗರ ಕಾಲದ ಪಂಚಕೂಟ ಬಸದಿ, ಎದುರಿಗೆ ಊರಿಗೆ ಹೆಸರು ಕೊಟ್ಟ ಎತ್ತರದ ಕಂಬ. ಇಲ್ಲಿನ ಶಿಖರಗಳು ಒಂದೇ ಬಗೆಯವಲ್ಲ. ಒಂದು ಚೌಕ, ಒಂದು ಎಂಟು ಮೂಲೆ, ಒಂದು ದುಂಡು. ಹನ್ನೊಂದು ವರ್ಷದ ಹುಡುಗ ಕೆಳಗೆ ನಿಂತು ಇದನ್ನು ತಾನೇ ಕಂಡುಹಿಡಿದು ಕೂಗಿಕೊಂಡ. ನಾಗಮಂಗಲದಲ್ಲಿ ಸೌಮ್ಯಕೇಶವನ ದರ್ಶನ, ಕಂಚು–ಹಿತ್ತಾಳೆ ಎರಕ ಹೊಯ್ಯುವ ವಿಶ್ವಕರ್ಮರ ಕಸುಬಿನ ನೆನಪು, ಅಲ್ಲಿಂದ ಆದಿಚುಂಚನಗಿರಿಯ ನವಿಲುಗಳು. ಸಂಸಾರಕ್ಕೆ ಬೇಕಾದದ್ದೆಲ್ಲ ಈ ದಾರಿಯಲ್ಲಿದೆ. ನೀರು, ಬಂಡೆ, ಹಕ್ಕಿ, ಯುದ್ಧ, ಶಿಲ್ಪ, ಕವಿ, ಬೆಲ್ಲ.

ಈಗ ನೋವಿನ ಮಾತು. ಆ ಪ್ರವಾಸದಲ್ಲಿ ಹೆದ್ದಾರಿಯಿಂದ ಒಳಗಿನ ಊರಿಗೆ ತಿರುಗುವ ಜಾಗ ನಮಗೆ ಎರಡು–ಮೂರು ಕಡೆ ತಪ್ಪಿತು. ತೋರಿಸುವ ಫಲಕವಿರಲಿಲ್ಲ, ಇದ್ದ ಒಂದರ ಮೇಲೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದರು. ಒಂದು ಊರಿನ ಹಳೆಯ ಗುಡಿಗೆ ಮಧ್ಯಾಹ್ನ ಹೋದಾಗ ಬೀಗ. ಬೀಗದ ಕೈ ಯಾರ ಹತ್ತಿರ, ಎಷ್ಟು ಹೊತ್ತಿಗೆ ತೆರೆಯುತ್ತಾರೆ, ಎಲ್ಲೂ ಬರೆದಿಲ್ಲ. ಮಗಳು ಶೌಚಾಲಯ ಕೇಳಿದರೆ ಗಂಡಸರು ಮುಖ ಮುಖ ನೋಡಿಕೊಂಡರು. ಎದುರು ಮನೆಯ ಹೆಂಗಸು ಕೈ ಹಿಡಿದು ಒಳಗೆ ಕರೆದೊಯ್ದರು, ಕಾಫಿ ಕೊಟ್ಟರು, ಹುಡುಗನನ್ನು ಗದ್ದೆಗೆ ಓಡಿಸಿದರು. ಕೈಕಾಲಿನ ಕೆಸರು ತೊಳೆದುಕೊಂಡು ಹಿರಿಯರೊಬ್ಬರು ಬಂದು, ‘ಬನ್ರವ್ವಾ, ಅಷ್ಟ್ ದೂರದಿಂದ ಬಂದಿದೀರಿ, ನೋಡ್ದೆ ಹೋದಾರ?’ ಎಂದು ಬಾಗಿಲು ತೆಗೆದು, ಒಳಗಿನ ಕಂಬಗಳ ಹೊಳಪನ್ನು ಮೊಬೈಲಿನ ದೀಪ ಬಿಟ್ಟು ತೋರಿಸಿದರು. ಜನರಲ್ಲಿ ಕೊರತೆಯಿಲ್ಲ. ಅವರ ಒಳ್ಳೆಯತನವನ್ನೇ ನೆಚ್ಚಿಕೊಂಡು ಸರ್ಕಾರ, ಪಂಚಾಯಿತಿ ಕೈಕಟ್ಟಿ ಕೂರುವುದು ಸರಿಯಲ್ಲ. ಎದುರು ಮನೆಯವರು ಅವತ್ತು ಊರಿನಲ್ಲಿ ಇಲ್ಲದಿದ್ದರೆ ನಾವು ಬೀಗ ನೋಡಿಕೊಂಡು ಹಿಂದಿರುಗುತ್ತಿದ್ದೆವು. ಗುಡಿಯ ಮುಂದಿನ ನೀಲಿ ಫಲಕದಲ್ಲಿ ಸ್ಮಾರಕಕ್ಕೆ ಹಾನಿ ಮಾಡಿದರೆ ಏನು ಶಿಕ್ಷೆ ಎಂದು ಬರೆದಿದೆ. ಗುಡಿಯನ್ನು ಯಾರು, ಯಾವಾಗ, ಯಾಕೆ ಕಟ್ಟಿದರು ಎಂದು ಬರೆದಿಲ್ಲ. ಬಂದವರನ್ನು ಕಳ್ಳರೆಂದು ಮೊದಲು ನೋಡಿ ಆಮೇಲೆ ಅತಿಥಿಯೆಂದು ನೋಡುವ ಪದ್ಧತಿ ಇದು. ಎರಡನೆಯ ಸಾಲನ್ನೂ ಬರೆಯಬೇಕು.

ಇದನ್ನೆಲ್ಲ ಹೊರದೇಶದವರಿಂದ ಕಲಿಯಬೇಕಾದ ಗತಿ ನಮಗಿಲ್ಲ. ದಾರಿಹೋಕರನ್ನು ನೋಡಿಕೊಳ್ಳುವುದು ಈ ನೆಲದ ಹಳೆಯ ಪದ್ಧತಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರುಮಜ್ಜಿಗೆ ಕೊಟ್ಟವರು ನಾವು. ಮೇಲುಕೋಟೆಯ ದಾರಿಯ ಮಂಟಪಗಳು, ಊರೂರಿನ ಛತ್ರಗಳು, ಸಾಲುಮರಗಳು ಯಾರಿಗಾಗಿ ಎದ್ದವು? ನಮ್ಮಜ್ಜಿ ಗಾಡಿ ಕಟ್ಟಿಸಿಕೊಂಡು ವೈರಮುಡಿಗೆ ಹೋದ ಕಥೆಯಲ್ಲಿ ರಾತ್ರಿ ತಂಗಿದ ಮನೆಗಳ ಹೆಸರೇ ಜಾಸ್ತಿ. ಈಗಲೂ ವೈರಮುಡಿ ಮಂಡ್ಯದ ಖಜಾನೆಯಿಂದ ಮೇಲುಕೋಟೆಗೆ ಹೊರಟರೆ ದಾರಿಯ ಊರಿನವರು ರಂಗೋಲಿ ಹಾಕಿ ಎದುರುಗೊಳ್ಳುತ್ತಾರೆ. ದೇವರ ಕಿರೀಟಕ್ಕೆ ಮಾಡುವ ಆ ಮರ್ಯಾದೆಯಲ್ಲಿ ಒಂದು ಪಾಲನ್ನು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬರುವ ತಾಯಿಗೂ ಮಾಡಬಹುದು.

ಹಣದ ಮಾತು ಬರುತ್ತದೆ. ಬೆಂಗಳೂರು–ಮೈಸೂರು ರೈಲುಹಳಿ ಜೋಡಿ ಮಾಡುವಾಗ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡ ಬಂತು. 2017ರಲ್ಲಿ ಆ ಕಟ್ಟಡವನ್ನು ಒಡೆಯದೆ, ಬುಡ ಸಮೇತ ಎತ್ತಿ, ಜಾಕುಗಳ ಮೇಲೆ ಜರುಗಿಸಿ ನೂರಾರು ಅಡಿ ಆಚೆಗೆ ಇಟ್ಟರು. ನಾನು ಅದನ್ನು ನೋಡಲೆಂದೇ ಹೋಗಿದ್ದೆ. ಇನ್ನೂರು ವರ್ಷದ ಇಟ್ಟಿಗೆಯ ಕಟ್ಟಡವನ್ನು ಬಿರುಕು ಬಿಡದಂತೆ ನಡೆಸಿಕೊಂಡು ಹೋದ ನಾಡಿಗೆ ಹೊಸಹೊಳಲಿನ ತಿರುವಿನಲ್ಲಿ ಒಂದು ಒಳ್ಳೆಯ ಫಲಕ ನೆಡುವುದು ಭಾರವಲ್ಲ. ನಾಲ್ಕೂ ತಾಲ್ಲೂಕಿಗೆ ಒಂದೇ ಬಣ್ಣ, ಒಂದೇ ನಮೂನೆಯ ಫಲಕ, ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ, ಇನ್ನೆಷ್ಟು ಕಿಲೋಮೀಟರ್ ಎಂಬುದರ ಜೊತೆಗೆ ಬಾಗಿಲು ತೆರೆಯುವ ಹೊತ್ತು. ಇದನ್ನು ಜಿಲ್ಲಾ ಪಂಚಾಯಿತಿ ಮಾಡಲಿ. ಸ್ಮಾರಕವಿರುವ ಪ್ರತಿ ಊರಿನಲ್ಲಿ ಹೆಂಗಸರಿಗೆ ಶೌಚಾಲಯ, ನೀರಿನ ಸಮೇತ. ಅದನ್ನು ಊರಿನ ಸ್ತ್ರೀಶಕ್ತಿ ಸಂಘಕ್ಕೆ ವಹಿಸಿ, ಐದೋ ಹತ್ತೋ ರೂಪಾಯಿ ಪಡೆಯಲಿ. ಬಾಗಿಲಿನ ಪಕ್ಕದ ಅಂಗಡಿಯಲ್ಲಿ ಅವರದೇ ಚಕ್ಕುಲಿ, ಬೆಲ್ಲ, ಎಳನೀರು ಮಾರಲಿ.

ಜನ ಹೆಚ್ಚಿದರೆ ಪ್ಲಾಸ್ಟಿಕ್ಕು, ಬಾಟಲಿ, ಗಲಾಟೆ ಹೆಚ್ಚುತ್ತವೆ ಎಂದು ನನ್ನ ತಮ್ಮ ಹೇಳುತ್ತಾನೆ. ಅವನ ಮಾತನ್ನು ತಳ್ಳಿಹಾಕಲಾರೆ. ತೊಣ್ಣೂರು ಕೆರೆಯಲ್ಲಿ ಈಜಲು ಇಳಿದ ಹುಡುಗರು ಮರಳಲಿಲ್ಲ ಎಂಬ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿ ಮರುಗಿದವರು. ಆದರೆ ಯಾರೂ ಕಾಯದ ಜಾಗದಲ್ಲೇ ಬಾಟಲಿ ಬೀಳುತ್ತದೆ, ಯಾರೂ ಕೂಗಿ ಹೇ ಎನ್ನದ ದಂಡೆಯಲ್ಲೇ ಹುಡುಗರು ನೀರಿಗಿಳಿಯುತ್ತಾರೆ. ಊರಿನ ಹಿರಿಯರೊಬ್ಬರು ಅಲ್ಲಿ ಕೂತಿದ್ದರೆ ಇವೆರಡೂ ಕಡಿಮೆಯಾಗುತ್ತವೆ. ಸಂಸಾರಗಳು ಬಂದು ಹೋಗುವ ಜಾಗಕ್ಕೆ ಕುಡುಕರು ಬರಲು ಹಿಂಜರಿಯುತ್ತಾರೆ ಎಂಬುದು ನನ್ನ ಅನುಭವ.

ಹಿರಿಯರಿಗೆ, ಅದರಲ್ಲೂ ನನ್ನಂಥ ನಿವೃತ್ತ ಮೇಷ್ಟ್ರು–ಮೇಡಂಗಳಿಗೆ ಇದು ನೇರ ಮಾತು. ನಾಲ್ಕು ತಾಲ್ಲೂಕಿನಲ್ಲಿ ನಿವೃತ್ತ ಶಿಕ್ಷಕರು, ಗ್ರಾಮಲೆಕ್ಕಿಗರು, ಬ್ಯಾಂಕಿನವರು, ಅಂಚೆಯವರು ಬೇಕಾದಷ್ಟು ಜನ ಇದ್ದೇವೆ. ಪಿಂಚಣಿ ಬರುತ್ತದೆ, ಬೆಳಗಿನ ಹೊತ್ತು ಬಿಡುವಿದೆ, ಹೇಳಲು ಮಾತಿದೆ. ಶ್ರೀರಂಗಪಟ್ಟಣದ ಗೈಡುಗಳ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ ಇದಲ್ಲ. ಅವರು ಹೋಗದ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿ, ಕಂಬದಹಳ್ಳಿಗಳಿಗೆ ನಾವು ಬೇಕು. ಪುರಾತತ್ವ ಇಲಾಖೆಯ ಕಾವಲುಗಾರರ ಜೊತೆಯಲ್ಲಿ, ಇಲಾಖೆಯ ಒಪ್ಪಿಗೆ ಪಡೆದು, ಒಂದು ಬಿಲ್ಲೆ ಧರಿಸಿ ವಾರಕ್ಕೊಂದು ಹೊತ್ತು ಕೂರುವುದು. ತಪ್ಪು ಕಥೆ ಹೇಳದಂತೆ ಮೊದಲು ನಾವು ಓದಿಕೊಳ್ಳಬೇಕು. ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸ ವಿಭಾಗದವರು ರಜೆಯಲ್ಲಿ ಎರಡು ದಿನ ಬಂದು ನಮಗೆ ಪಾಠ ಮಾಡಿದರೆ ಸಾಕು.

ನಾನೂ, ಹತ್ತಿರದ ಕೆಲವು ನಿವೃತ್ತ ಸಹೋದ್ಯೋಗಿಗಳೂ ಹೊಸಹೊಳಲಿಗೆ ಭಾನುವಾರ ಬೆಳಗ್ಗೆ 9ರಿಂದ 12ರವರೆಗೆ ಸರದಿಯ ಮೇಲೆ ಕೂರುವುದಾಗಿ ಅರ್ಜಿ ಬರೆದಿದ್ದೇವೆ. ಇಲಾಖೆಯಿಂದ ಉತ್ತರ ಬರಲಿ ಎಂದು ಕಾಯುತ್ತಿದ್ದೇವೆ. ಕಿಕ್ಕೇರಿಯವರು, ನಾಗಮಂಗಲದವರು, ಪಾಂಡವಪುರದವರು ತಮ್ಮ ತಮ್ಮ ಊರಿನ ಬಾಗಿಲಿಗೆ ಇಂಥದೇ ಅರ್ಜಿ ಹಾಕಲಿ. ಡಿಸೆಂಬರ್ ರಜೆಗೆ ಇನ್ನೂ ಸಮಯವಿದೆ.